ಆರು ಗಂಟೆ, ಒಂದೇ ಹಾಡು

2013ರ ಮೇ 5, ಭಾನುವಾರ. ನ್ಯೂಯಾರ್ಕ್‌ನ ಮೋಮಾ ಪಿಎಸ್‌1 ಕಲಾಕೇಂದ್ರದ ಗುಮ್ಮಟದೊಳಗೆ ‘ದಿ ನ್ಯಾಷನಲ್‌’ ಎಂಬ ರಾಕ್‌ ತಂಡ ವೇದಿಕೆ ಹತ್ತಿ ‘ಸಾರೋ’ (ದುಃಖ) ಎಂಬ ತನ್ನ ಹಾಡನ್ನು ಹಾಡಿತು. ಮೂರೂವರೆ ನಿಮಿಷದ ಹಾಡು. ಮುಗಿಯಿತು, ಚಪ್ಪಾಳೆ ಬಿತ್ತು, ಮತ್ತೆ ಅದೇ ಹಾಡು ಶುರುವಾಯಿತು. ಅದು ಮುಗಿದ ಮೇಲೂ ಅದೇ. ಆರು ಗಂಟೆ ಕಳೆಯುವಷ್ಟರಲ್ಲಿ ಅವರು ಆ ಒಂದೇ ಹಾಡನ್ನು 105 ಸಲ ಹಾಡಿದ್ದರು. ಇದನ್ನು ಹೂಡಿದವನು ಐಸ್‌ಲೆಂಡಿನ ಕಲಾವಿದ ರಾಗ್ನರ್‌ ಕ್ಯಾರ್ಟನ್‌ಸನ್‌. ಐದು ವರ್ಷಕ್ಕೊಮ್ಮೆ ಕ್ಯಾಮೆರಾ ಮುಂದೆ ನಿಂತು ಹೆತ್ತ ತಾಯಿಯಿಂದಲೇ ಉಗಿಸಿಕೊಳ್ಳುವ ವ್ರತವನ್ನು 2000ದಿಂದ ನಡೆಸಿಕೊಂಡು ಬಂದ ಆಸಾಮಿ. ಮಾಡಿದ್ದನ್ನೇ ಮತ್ತೆ ಮತ್ತೆ ಮಾಡುವುದು ಅವನ ಕಸುಬು.

ಎರಡು ತಿಂಗಳು ಕಳೆದು, ಜುಲೈ 10ರಂದು, ಅದೇ ಊರಿನ ಪೇಸ್‌ ಗ್ಯಾಲರಿಯಲ್ಲಿ ರ‍್ಯಾಪರ್‌ ಜೇ-ಝೀ ತನ್ನ ‘ಪಿಕಾಸೊ ಬೇಬಿ’ಯನ್ನು ಹೆಚ್ಚುಕಡಿಮೆ ಅಷ್ಟೇ ಹೊತ್ತು ಹಾಡಿದ. ಬಿಳಿ ಗೋಡೆ, ತಗ್ಗು ಕಟ್ಟೆ, ಎದುರಿಗೊಂದು ಬೆಂಚು. ಒಬ್ಬೊಬ್ಬರಾಗಿ ಬಂದು ಅವನ ಮುಂದೆ ನಿಂತವರಲ್ಲಿ ಸಿನಿಮಾ ನಿರ್ದೇಶಕ ಜಿಮ್‌ ಜಾರ್ಮುಶ್‌ ಇದ್ದ, ಕಲಾ ವಿಮರ್ಶಕ ಜೆರ್ರಿ ಸಾಲ್ಟ್ಜ್‌ ಇದ್ದ. ಎಲ್ಲರಿಗಿಂತ ದೊಡ್ಡ ಅತಿಥಿ ಕಲಾವಿದೆ ಮರೀನಾ ಅಬ್ರಮೊವಿಚ್‌. ಕಪ್ಪು ನಿಲುವಂಗಿಯಲ್ಲಿ ಬಂದ ಆಕೆ ಅವನ ಹಣೆಗೆ ಹಣೆ ಹಚ್ಚಿ ನಿಂತಳು. ಹೀಗೆ ಒಬ್ಬೊಬ್ಬರನ್ನೇ ಎದುರುಗೊಳ್ಳುವ ಕಲ್ಪನೆಯೇ ಆಕೆಯದು. 2010ರಲ್ಲಿ ಮೋಮಾ ಮ್ಯೂಸಿಯಂನಲ್ಲಿ ಸುಮಾರು ಮೂರು ತಿಂಗಳ ಕಾಲ ಬೆಳಗಿನಿಂದ ಸಂಜೆವರೆಗೆ ಕುರ್ಚಿಯಲ್ಲಿ ಮೌನವಾಗಿ ಕೂತು, ಎದುರು ಬಂದು ಕೂತ ಅಪರಿಚಿತರ ಕಣ್ಣನ್ನೇ ನೋಡುತ್ತಿದ್ದವಳು ಆಕೆ.

ಒಂದೇ ಊರು, ಒಂದೇ ವರ್ಷ, ಒಂದೇ ಅವಧಿ. ಎರಡನ್ನೂ ಕರೆದದ್ದು ಪರ್ಫಾರ್ಮೆನ್ಸ್‌ ಆರ್ಟ್‌ ಎಂದೇ. (ಕನ್ನಡದಲ್ಲಿ ‘ಪ್ರದರ್ಶನ ಕಲೆ’ ಎಂದುಬಿಟ್ಟರೆ ಯಕ್ಷಗಾನ, ನಾಟಕ, ಭರತನಾಟ್ಯ ಎಲ್ಲವೂ ಅದರೊಳಗೆ ಬಂದು ಕೂರುತ್ತವೆ. ಹಾಗಾಗಿ ಇಂಗ್ಲಿಷ್‌ ಹೆಸರನ್ನೇ ಇಟ್ಟುಕೊಳ್ಳುವುದು ವಾಸಿ.) ಆದರೆ ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ಇಡುವಂತಿಲ್ಲ. ಪಿಎಸ್‌1ನಲ್ಲಿ ಹಾಡುಗಾರರು ತಮ್ಮ ಕೈಯಲ್ಲಿದ್ದ ಹಿಡಿತವನ್ನು ಬಿಟ್ಟುಕೊಟ್ಟರು. ಪೇಸ್‌ ಗ್ಯಾಲರಿಯಲ್ಲಿ ಹಾಡುಗಾರ ಇನ್ನಷ್ಟು ಹಿಡಿತವನ್ನು ಗಳಿಸಿಕೊಂಡ.

ಬಿಟ್ಟುಕೊಟ್ಟದ್ದು ಏನನ್ನು? ರಾಕ್‌ ಕಛೇರಿಗೊಂದು ಏರಿಳಿತ ಇರುತ್ತದೆ. ಯಾವ ಹಾಡಿನ ಬೆನ್ನಿಗೆ ಯಾವುದು, ಜನಪ್ರಿಯವಾದದ್ದನ್ನು ಎಲ್ಲಿಯವರೆಗೆ ತಡೆದಿಡಬೇಕು ಎಂಬುದು ತಂಡದ ಜಾಣ್ಮೆ. ಒಂದೇ ಹಾಡೆಂದಮೇಲೆ ಆ ಜಾಣ್ಮೆಗೆ ಕೆಲಸವಿಲ್ಲ. ಇಪ್ಪತ್ತನೆಯ ಸಲಕ್ಕೆ ಸಾಹಿತ್ಯ ಸವೆದು ಬರೀ ಸದ್ದಾಗುತ್ತದೆ. ಐವತ್ತನೆಯದಕ್ಕೆ ಗಂಟಲು ತನ್ನ ಕಷ್ಟ ಹೇಳಿಕೊಳ್ಳತೊಡಗುತ್ತದೆ. ಕ್ಯಾರ್ಟನ್‌ಸನ್‌ ನಡುನಡುವೆ ವೇದಿಕೆಗೆ ತಿಂಡಿ, ಪಾನೀಯ ತಂದುಕೊಡುತ್ತಿದ್ದ. ಮನೆಗೆಲಸದ ಹೊತ್ತಿನಲ್ಲಿ ಚಹಾ ಕೊಟ್ಟಂತೆ. ದುಃಖದ ಬಗೆಗಿನ ಹಾಡು ದಣಿವಿನ ಬಗೆಗಿನ ಹಾಡಾಯಿತು. ಕೊನೆಗೆ ಗಾಯಕ ಮ್ಯಾಟ್‌ ಬರ್ನಿಂಜರ್‌ನ ದನಿ ಕಟ್ಟಿದಾಗ ನೆರೆದವರೇ ಹಾಡನ್ನು ಎತ್ತಿಕೊಂಡರು.

ಪುನರಾವರ್ತನೆ ಹೊಸದೇನೂ ಅಲ್ಲ. ನಮ್ಮ ಕರಾವಳಿಯ ವಿಠ್ಠಲ ಮಂದಿರಗಳ ಭಜನಾ ಸಪ್ತಾಹಗಳಲ್ಲಿ ಏಳು ಹಗಲು ಏಳು ರಾತ್ರಿ ತಾಳ ನಿಲ್ಲುವುದಿಲ್ಲ. ಆದರೆ ಅಲ್ಲಿ ತಂಡಗಳು ಪಾಳಿ ಬದಲಿಸುತ್ತವೆ. ನಿಲ್ಲಬಾರದ್ದು ನಾಮ, ಹಾಡುವವರು ಯಾರಾದರೂ ನಡೆದೀತು. ಪಿಎಸ್‌1ನಲ್ಲಿ ಪಾಳಿ ಇರಲಿಲ್ಲ. ನೋಡಬೇಕಾದದ್ದೇ ಅದೇ ಮನುಷ್ಯರು ಅದೇ ಜಾಗದಲ್ಲಿ ಸವೆಯುವುದನ್ನು.

ಜೇ-ಝೀಯದ್ದು ಬೇರೆಯದೇ ಲೆಕ್ಕ. ‘ಮ್ಯಾಗ್ನಾ ಕಾರ್ಟಾ ಹೋಲಿ ಗ್ರೇಲ್‌’ ಆಲ್ಬಂ ಆಗಷ್ಟೇ ಬಂದಿತ್ತು. ಅದರ ಹತ್ತು ಲಕ್ಷ ಪ್ರತಿಗಳನ್ನು ತಲಾ 5 ಡಾಲರ್‌ನಂತೆ ಸ್ಯಾಮ್ಸಂಗ್‌ ಕಂಪನಿ ಮುಂಗಡವಾಗಿಯೇ ಕೊಂಡು ತನ್ನ ಫೋನ್‌ ಬಳಕೆದಾರರಿಗೆ ಹಂಚಿತ್ತು. ಗ್ಯಾಲರಿಯ ಆರು ಗಂಟೆಯನ್ನು ನಿರ್ದೇಶಕ ಮಾರ್ಕ್‌ ರೊಮಾನೆಕ್‌ ಚಿತ್ರೀಕರಿಸಿ ಹತ್ತೇ ನಿಮಿಷದ ಚೊಕ್ಕ ಚಿತ್ರ ಮಾಡಿದ. ಆಗಸ್ಟ್‌ನಲ್ಲಿ ಅದು ಎಚ್‌ಬಿಒ ಟಿ.ವಿ. ವಾಹಿನಿಯಲ್ಲಿ ಬಂತು. ಬೇಸರದ ಗಳಿಗೆಗಳೆಲ್ಲ ಕತ್ತರಿಗೆ ಹೋದವು. ದೀರ್ಘಾವಧಿಯ ಕಲೆಗೆ ಬೇಸರವೇ ಕಚ್ಚಾವಸ್ತು ಎಂಬುದನ್ನು ಮರೆತರೆ ಉಳಿಯುವುದು ಮ್ಯೂಸಿಕ್‌ ವಿಡಿಯೊ ಮಾತ್ರ, ಅದೂ ಚೆನ್ನಾಗಿಯೇ ಇದ್ದ ಮ್ಯೂಸಿಕ್‌ ವಿಡಿಯೊ.

ಇನ್ನೂ ಒಂದು ಮಾತಿದೆ. ರ‍್ಯಾಪ್‌ಗೆ ಬೀದಿಯಲ್ಲೇ ತನ್ನದೊಂದು ವೃತ್ತವಿದೆ. ಅಲ್ಲಿ ಒಬ್ಬ ಹಾಡಿ ಕೆಣಕಿದರೆ ಎದುರು ನಿಂತವನು ಪದಕ್ಕೆ ಪದ ಕಟ್ಟಿ ತಿರುಗೇಟು ಕೊಡುತ್ತಾನೆ, ಸೋತವನ ಮಾನ ಎಲ್ಲರೆದುರೇ ಹೋಗುತ್ತದೆ. ಪೇಸ್‌ ಗ್ಯಾಲರಿಯ ಬೆಂಚಿನಿಂದ ಎದ್ದು ಬಂದವರು ಕುಣಿದರು, ನಕ್ಕರು, ಜೇ-ಝೀಯ ಕಣ್ಣಲ್ಲಿ ಕಣ್ಣಿಟ್ಟರು. ತಿರುಗೇಟು ಕೊಡುವ ಹಕ್ಕು ಯಾರಿಗೂ ಇರಲಿಲ್ಲ. ಬೀದಿಯಿಂದ ಬಂದ ಕಲೆ ಗ್ಯಾಲರಿಯ ಮೆಟ್ಟಿಲು ಹತ್ತುವಾಗ ತನ್ನ ಅಪಾಯವನ್ನು ಹೊರಗೇ ಬಿಟ್ಟು ಬಂದಿತ್ತು. ಎರಡು ವರ್ಷದ ನಂತರ ಅಬ್ರಮೊವಿಚ್‌ ಸಂದರ್ಶನವೊಂದರಲ್ಲಿ, ತನ್ನ ಸಂಸ್ಥೆಗೆ ನೆರವು ಕೊಡುವ ಮಾತನ್ನು ಜೇ-ಝೀ ಉಳಿಸಿಕೊಳ್ಳಲಿಲ್ಲ, ತನ್ನನ್ನು ಬಳಸಿಕೊಂಡ ಎಂದು ದೂರಿದಳು. ದೇಣಿಗೆ ಬಂದಿದೆ ಎಂದು ಆಕೆಯ ಸಂಸ್ಥೆಯೇ ಕೂಡಲೇ ಒಪ್ಪಿಕೊಂಡು ಕ್ಷಮೆ ಕೇಳಿತು. ಕಲೆಯ ಬಗ್ಗೆ ಎದ್ದ ಜಗಳ ಕೊನೆಗೆ ರಶೀದಿಯ ಜಗಳವಾಗಿ ಮುಗಿದದ್ದು ಸಣ್ಣ ಸಂಗತಿಯಲ್ಲ.

ಹಾಡುಗಾರರು ಗ್ಯಾಲರಿಯತ್ತ ಮುಖ ಮಾಡಿದ್ದಕ್ಕೆ ಮಾರುಕಟ್ಟೆಯ ಕಾರಣವೂ ಉಂಟು. ಧ್ವನಿಮುದ್ರಿತ ಹಾಡು ಇಂಟರ್‌ನೆಟ್ಟಿನಲ್ಲಿ ಹೆಚ್ಚುಕಡಿಮೆ ಪುಕ್ಕಟೆಯಾದ ಮೇಲೆ ಅಪರೂಪಕ್ಕೆ ಬೆಲೆ ಬಂತು. ಗ್ಯಾಲರಿ ಮಾರುವುದೇ ಅಪರೂಪವನ್ನು. ಮ್ಯೂಸಿಯಂಗಳಿಗೋ ಜನ ಬೇಕು. 2012ರಲ್ಲಿ ಕ್ರಾಫ್ಟ್‌ವೆರ್ಕ್‌ ತಂಡ ಮೋಮಾದಲ್ಲಿ ಎಂಟು ರಾತ್ರಿ ಎಂಟು ಆಲ್ಬಂ ನುಡಿಸಿತು. 2015ರಲ್ಲಿ ಅಲ್ಲೇ ನಡೆದ, ಗಾಯಕಿ ಬ್ಯೋರ್ಕ್‌ ಕುರಿತ ಪ್ರದರ್ಶನವನ್ನು ವಿಮರ್ಶಕರು ಕಂಡಾಪಟ್ಟೆ ಬೈದರು.

ಅದೇ 2015ರ ಆರಂಭದಲ್ಲಿ, ಲಂಡನ್ನಿನ ಸಾಮರ್ಸೆಟ್‌ ಹೌಸ್‌ನಲ್ಲಿ ಗಾಯಕಿ ಪಿ.ಜೆ. ಹಾರ್ವೆ ಮಾಡಿದ ಕೆಲಸಕ್ಕೆ ಗದ್ದಲವೇ ಇರಲಿಲ್ಲ. ಹಿಂದೆ ತೆರಿಗೆ ಇಲಾಖೆಯ ನೌಕರರ ವ್ಯಾಯಾಮಶಾಲೆಯಾಗಿದ್ದ ಜಾಗದಲ್ಲಿ ಆರ್ಟ್‌ಏಂಜೆಲ್‌ ಸಂಸ್ಥೆ ಒಂದು ಗಾಜಿನ ಪೆಟ್ಟಿಗೆ ಕಟ್ಟಿಸಿತು. ಒಳಗೆ ಸ್ಟುಡಿಯೊ. ಗಾಜು ಒಮ್ಮುಖದ್ದು: ಹೊರಗಿನವರಿಗೆ ಒಳಗಿರುವವರು ಕಾಣುತ್ತಿದ್ದರು, ಒಳಗಿನವರಿಗೆ ಹೊರಗೇನೂ ಕಾಣುತ್ತಿರಲಿಲ್ಲ. ಟಿಕೆಟ್‌ ಕೊಂಡವರಿಗೆ 45 ನಿಮಿಷ. ಆ ಹೊತ್ತಿನಲ್ಲಿ ಪೂರ್ತಿ ಹಾಡೇ ಸಿಕ್ಕೀತೆಂಬ ಭರವಸೆ ಇರಲಿಲ್ಲ. ಶ್ರುತಿ ಕೂಡಿಸುವುದು, ಒಂದು ಸಾಲನ್ನು ಹತ್ತು ಬಗೆಯಲ್ಲಿ ಹೇಳಿ ನೋಡುವುದು ಇವೇ ಹೆಚ್ಚು. ಆ ಪೆಟ್ಟಿಗೆಯಲ್ಲಿ ಹುಟ್ಟಿದ ಆಲ್ಬಂ ಮರುವರ್ಷ ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೇರಿತು. ಹಾರ್ವೆ ತಾನು ಕಲಾವಿದೆಯಂತೆ ನಟಿಸಲಿಲ್ಲ. ತನ್ನ ದಿನದ ದುಡಿಮೆಯನ್ನು ತೆರೆದು ತೋರಿಸಿದಳು, ಅಷ್ಟೇ.

ಹಿಂದಕ್ಕೆ ಹೋದರೆ ಈ ದಾರಿಯನ್ನು ತುಳಿದವರಲ್ಲಿ ಜಾನ್‌ ಲೆನನ್‌ ಕೂಡ ಒಬ್ಬ. 1964ರಲ್ಲಿ ಕ್ಯೋಟೊದಲ್ಲಿ ವೇದಿಕೆಯ ಮೇಲೆ ಕೂತು, ತನ್ನ ಬಟ್ಟೆಯನ್ನು ಕತ್ತರಿಸುವಂತೆ ಪ್ರೇಕ್ಷಕರ ಕೈಗೇ ಕತ್ತರಿ ಬಿಟ್ಟಿದ್ದ ಯೋಕೊ ಓನೊ ಅವನ ಕೈ ಹಿಡಿದು ನಡೆಸಿದಳು. 1969ರ ಮಾರ್ಚ್‌ನಲ್ಲಿ ಆ್ಯಮ್‌ಸ್ಟರ್‌ಡ್ಯಾಂ ಹಿಲ್ಟನ್ನಿನ ಮಂಚದ ಮೇಲೆ ಇಬ್ಬರೂ ಒಂದು ವಾರ ಕೂತು ಶಾಂತಿಯ ಮಾತಾಡಿದರು. ಮಧುಚಂದ್ರದ ರಸವಾರ್ತೆ ಹುಡುಕಿ ಬಂದ ಪತ್ರಕರ್ತರಿಗೆ ಸಿಕ್ಕಿದ್ದು ಪೈಜಾಮ ತೊಟ್ಟ ದಂಪತಿ.

ಬಿಟ್ಟುಕೊಡುವುದನ್ನು ತುದಿ ಮುಟ್ಟಿಸಿದವರೆಂದರೆ ಕೆಎಲ್‌ಎಫ್‌ ಎಂಬ ಸಂಗೀತ ಜೋಡಿ, ಬಿಲ್‌ ಡ್ರಮಂಡ್‌ ಮತ್ತು ಜಿಮ್ಮಿ ಕಾಟಿ. ಜನಪ್ರಿಯತೆಯ ನೆತ್ತಿಯಲ್ಲಿದ್ದಾಗಲೇ 1992ರಲ್ಲಿ ಸಂಗೀತ ನಿಲ್ಲಿಸಿ, ತಮ್ಮ ಧ್ವನಿಮುದ್ರಿಕೆಗಳನ್ನು ಅಂಗಡಿಯಿಂದ ಹಿಂತೆಗೆದುಕೊಂಡರು. 1994ರ ಆಗಸ್ಟ್‌ 23ರ ನಸುಕಿನಲ್ಲಿ, ಸ್ಕಾಟ್ಲೆಂಡಿನ ಜುರಾ ದ್ವೀಪದ ದೋಣಿಮನೆಯೊಂದರಲ್ಲಿ ಕೂತು ಹಾಡಿನಿಂದ ಬಂದ ಹತ್ತು ಲಕ್ಷ ಪೌಂಡ್‌ಗಳನ್ನು ಐವತ್ತರ ನೋಟುಗಳಲ್ಲಿ ಒಲೆಗೆ ಹಾಕಿದರು. ಉರಿದು ಮುಗಿಯಲು ಒಂದು ಗಂಟೆಗೂ ಹೆಚ್ಚು ಹಿಡಿಯಿತು. ಯಾಕೆ ಸುಟ್ಟಿರಿ ಎಂದು ಜನ ಕೇಳಿದಾಗಲೆಲ್ಲ ಇಬ್ಬರೂ ತಡವರಿಸಿದರು. ಅದನ್ನು ಕಲೆ ಎನ್ನಬೇಕೋ ಕೊಬ್ಬು ಎನ್ನಬೇಕೋ ಎಂಬ ವಾದ ಇನ್ನೂ ಮುಗಿದಿಲ್ಲ. ಅದು ಪ್ರಚಾರ ಎಂದು ಹೇಳುವುದು ಮಾತ್ರ ಕಷ್ಟ, ಮಾರಲು ಅವರ ಬಳಿ ಏನೂ ಉಳಿದಿರಲಿಲ್ಲ.

‘ದಿ ನ್ಯಾಷನಲ್‌’ ಬಳಿ ಉಳಿದಿತ್ತು. 2015ರಲ್ಲಿ ಆ ಆರು ಗಂಟೆಯ ಧ್ವನಿಮುದ್ರಣ ಪಾರದರ್ಶಕ ವಿನೈಲ್‌ನ ಒಂಬತ್ತು ತಟ್ಟೆಗಳ ಪೆಟ್ಟಿಗೆಯಾಗಿ ಹೊರಬಂತು. 1,500 ಪ್ರತಿ, ಬಂದ ಹಣ ಬಡವರ ಆರೋಗ್ಯಕ್ಕೆ ದುಡಿಯುವ ‘ಪಾರ್ಟ್‌ನರ್ಸ್‌ ಇನ್‌ ಹೆಲ್ತ್‌’ ಸಂಸ್ಥೆಗೆ. ಒಂಬತ್ತು ತಟ್ಟೆಗಳ ಎರಡೂ ಮಗ್ಗುಲಲ್ಲಿ ಇರುವುದು ಅದೇ ಹಾಡು.