ಎಳೆಯ ಕಲ್ಲಿಗೆ ಹದವಾದ ಉಳಿ



ಬೇಲೂರು, ಹಳೇಬೀಡುಗಳ ಶಿಲ್ಪಕ್ಕೆ ಬೆರಗಾಗದವರಿಲ್ಲ. ನಮ್ಮ ಅರಸೀಕೆರೆಯ ಈಶ್ವರ ದೇವಾಲಯವೂ ಅದೇ ಹೊಯ್ಸಳ ಪರಂಪರೆಯದು. ಆ ಶಿಲ್ಪಿಗಳು ಆರಿಸಿಕೊಂಡದ್ದು ಬಳಪದ ಕಲ್ಲನ್ನು. ನೆಲದಿಂದ ತೆಗೆದಾಗ ಅದು ಮೃದು. ಗಾಳಿಗೆ ಒಡ್ಡಿದಂತೆಲ್ಲ ಗಟ್ಟಿಯಾಗುತ್ತದೆ. ಮೃದುವಾಗಿದ್ದಾಗ ಕೆತ್ತಿದ್ದರಿಂದಲೇ ಅಷ್ಟು ನಯವಾದ ಕೆಲಸ ಸಾಧ್ಯವಾಯಿತು.

ಮಕ್ಕಳ ಮನಸ್ಸೂ ಹಾಗೆಯೇ. ಉಳಿ ಸೋಕದಿದ್ದರೆ ಕಲ್ಲು ಕಲ್ಲಾಗಿಯೇ ಉಳಿಯುತ್ತದೆ. ಹದ ತಪ್ಪಿ ಹೊಡೆದರೆ ಸೀಳಿಹೋಗುತ್ತದೆ. ಇಂದಿನ ತಂದೆ ತಾಯಂದಿರು ಈ ಎರಡು ತಪ್ಪನ್ನೂ ಮಾಡುತ್ತಿರುವುದನ್ನು ನಾವು ಕಾಣುತ್ತಿದ್ದೇವೆ. ವರ್ಷವೆಲ್ಲ "ಓದಿಕೊಳ್ಳಲಿ ಬಿಡಿ" ಎಂದು ಮಗನ ಕೈಗೆ ಒಂದು ಕೆಲಸವನ್ನೂ ಕೊಡುವುದಿಲ್ಲ. ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ದಿನ "ನಮ್ಮ ಮರ್ಯಾದೆ ಕಳೆದೆ" ಎಂದು ಹತ್ತು ಜನರೆದುರು ಬೈಯುತ್ತಾರೆ. ಮನನೊಂದ ಮಕ್ಕಳು ದುಡುಕಿದ ಸುದ್ದಿ ಓದಿದಾಗ ಕರುಳು ಹಿಂಡುತ್ತದೆ. ಅದೇ ವರ್ಷ ಮತ್ತೊಮ್ಮೆ ಪರೀಕ್ಷೆ ಬರೆಯುವ ಅವಕಾಶವನ್ನು ಸರ್ಕಾರವೇ ಕೊಟ್ಟಿದೆ. ಹೆತ್ತ ಮನೆ ಕೊಡಬಾರದೆ?

ವೀರಶೈವ ಧರ್ಮದ ಷಟ್‌ಸ್ಥಲದಲ್ಲಿ ಭಕ್ತಸ್ಥಲಕ್ಕೆ ಶ್ರದ್ಧೆ, ಮಹೇಶಸ್ಥಲಕ್ಕೆ ನಿಷ್ಠೆ ಲಕ್ಷಣ. ಶ್ರದ್ಧೆಯೊಂದೇ ಸಾಲದೆಂದೇ ಅದರ ಮೇಲೆ ನಿಷ್ಠೆಯನ್ನಿಟ್ಟರು. ಶ್ರದ್ಧೆ ಮಗುವನ್ನು ಓದಲು ಕೂರಿಸುತ್ತದೆ. ಬಿದ್ದಾಗ ಎಬ್ಬಿಸುವುದು ನಿಷ್ಠೆ. ಅಂಕಪಟ್ಟಿಯಲ್ಲಿ ಅದಕ್ಕೆ ಅಂಕವಿಲ್ಲ. ಬಾಳಿಗೆ ಅದೇ ಆಧಾರ.

ಗದುಗಿನ ಪಂಚಾಕ್ಷರ ಗವಾಯಿಗಳು ಹುಟ್ಟು ಕುರುಡರು. ಹಾನಗಲ್ಲ ಕುಮಾರ ಶಿವಯೋಗಿಗಳು ಆ ಬಾಲಕನಲ್ಲಿ ಕುರುಡನ್ನು ಕಾಣಲಿಲ್ಲ, ಕಂಠವನ್ನು ಕಂಡರು; ಆಶ್ರಯವಿತ್ತು ಸಂಗೀತ ಕಲಿಸಿದರು. ಆ ಗವಾಯಿಗಳು ಮುಂದೆ ಪುಟ್ಟರಾಜರೆಂಬ ಇನ್ನೊಬ್ಬ ಅಂಧ ಬಾಲಕನನ್ನು ಬೆಳೆಸಿದರು. ಪುಟ್ಟರಾಜ ಗವಾಯಿಗಳಿಗೆ 2010ರಲ್ಲಿ ಪದ್ಮಭೂಷಣ ಬಂದಿತು. ಅವರ ತಾಳ್ಮೆ, ಸಾಧನೆ ದೊಡ್ಡವು. ಆದರೆ "ನಿನ್ನಿಂದಾಗುತ್ತದೆ" ಎಂದ ಗುರುವಿನ ಮಾತು ಅದಕ್ಕೂ ಮೊದಲಿನದು. ಕಷ್ಟ ಎಲ್ಲರಿಗೂ ಬರುತ್ತದೆ. ಕಷ್ಟದಲ್ಲಿ ಕೈ ಹಿಡಿಯುವವರಿದ್ದರೆ ಮಾತ್ರ ಮಗು ಗಟ್ಟಿಯಾಗುತ್ತದೆ.

ಆದುದರಿಂದ ಮಗುವಿಗೆ ಒಂದು ತೆಂಗಿನ ಸಸಿಯ ಹೊಣೆ ಕೊಡಿ. ನೀರು ಮರೆತ ದಿನ ನೀವೇ ಹಾಕಿ ಮುಗಿಸಬೇಡಿ; ಬೈಯಲೂ ಬೇಡಿ. ಬಾಡಿದ ಗರಿಯನ್ನು ತೋರಿಸಿ, ಸಾಕು. ಕಾಯಕದ ಪಾಠ ಅಲ್ಲಿಂದಲೇ ಆರಂಭ.

ಹಿರಿಯರಲ್ಲಿ ಇನ್ನೊಂದು ಮಾತು. ಮೊಮ್ಮಕ್ಕಳಿಗೆ ನಿಮ್ಮ ಗೆಲುವನ್ನಷ್ಟೇ ಹೇಳಬೇಡಿ. ಮಳೆ ಕೈಕೊಟ್ಟು ತೋಟ ಒಣಗಿದ ವರ್ಷ ಹೇಗೆ ಬದುಕಿದಿರಿ, ಮರುವರ್ಷ ಮತ್ತೆ ಹೇಗೆ ಸಸಿ ನೆಟ್ಟಿರಿ ಎಂಬುದನ್ನೂ ಹೇಳಿ. ಆ ಮಾತು ಮಗುವಿನ ಮನಸ್ಸಿನಲ್ಲಿ ಉಳಿಯುತ್ತದೆ. ಬೇಕಾದ ದಿನ ನೆನಪಾಗುತ್ತದೆ.

ಸರ್ವರಿಗೂ ಸನ್ಮಂಗಳವಾಗಲಿ.