ಹೊಸ ಫೋನು ಮತ್ತು ನಿರಾಶೆಯ ಲೆಕ್ಕ

ಹೊಸದಾಗಿ ಬಂದ ಫೋನೊಂದು ಚೆನ್ನಾಗಿದೆಯೆ ಇಲ್ಲವೆ ಎಂಬ ವಿಷಯದಲ್ಲಿ ನಡೆಯುವಷ್ಟು ಉಗ್ರವಾದ ವಾದ ಚುನಾವಣೆಯ ವಿಷಯದಲ್ಲಿಯಾದರೂ ನಡೆಯುವುದೋ ಇಲ್ಲವೋ ಸಂದೇಹ. ವರ್ಷವರ್ಷವೂ ಸೆಪ್ಟೆಂಬರ್ ಹೊತ್ತಿಗೆ ಅಮೆರಿಕದ ಆಪಲ್ ಕಂಪೆನಿಯವರು ಒಂದು ಹೊಸ ಐಫೋನನ್ನು ಜಗತ್ತಿಗೆ ತೋರಿಸುತ್ತಾರೆ. ತೋರಿಸಿ ಅರ್ಧ ಗಂಟೆ ಕಳೆಯುವುದರೊಳಗೆ "ಇಷ್ಟೇನೆ?" ಎನ್ನುವವರದೊಂದು ಪಕ್ಷ, "ಇನ್ನೇನು ಬೇಕಿತ್ತು ನಿಮಗೆ?" ಎನ್ನುವವರದೊಂದು ಪಕ್ಷ ಹುಟ್ಟಿಕೊಳ್ಳುತ್ತವೆ. ನಮ್ಮ ಕಾಲೇಜಿನ ಕ್ಯಾಂಟೀನಿನಲ್ಲಿಯೂ ಈ ಎರಡು ಪಕ್ಷಗಳುಂಟು. ಆ ಫೋನನ್ನು ಕೊಳ್ಳುವ ಶಕ್ತಿ ಎರಡು ಪಕ್ಷದವರಿಗೂ ಇಲ್ಲವೆಂಬುದು ವಾದಕ್ಕೆ ಎಂದೂ ಅಡ್ಡಿಯಾಗಿಲ್ಲ. ಇದೆಲ್ಲ ಬರಿಯ ಹರಟೆ ಎಂದು ತಳ್ಳಿಹಾಕುವ ಅಧ್ಯಾಪಕರಿರಬಹುದು. ನನಗೆ ಹಾಗೆ ತೋರುವುದಿಲ್ಲ. ಈ ಗದ್ದಲದಲ್ಲಿ, ದುಡ್ಡು ಕೊಟ್ಟು ವಸ್ತುವನ್ನು ಕೊಂಡವನ ನ್ಯಾಯವಾದ ದೂರು ಪ್ರತಿಸಲವೂ ಮುಳುಗಿಹೋಗುತ್ತಿದೆ. ಅದನ್ನು ತೋರಿಸುವುದಕ್ಕೆ ಒಂದು ಹಳೆಯ ಫೋನಿನ ಕಥೆಯನ್ನು ತುಸು ವಿಸ್ತಾರವಾಗಿಯೇ ಹೇಳಬೇಕಾಗಿದೆ.

೨೦೧೧ನೆಯ ಇಸವಿಯ ಮಾತು. ಮೊದಲ ಐಫೋನು ೨೦೦೭ರ ಜೂನ್ ತಿಂಗಳಲ್ಲಿ ಮಾರಾಟಕ್ಕೆ ಬಂದಂದಿನಿಂದ ಪ್ರತಿವರ್ಷ ಜೂನ್ ಜುಲೈ ಹೊತ್ತಿಗೆ ಒಂದು ಹೊಸದು ಬರುವುದು ವಾಡಿಕೆಯಾಗಿತ್ತು. ಆ ವರ್ಷ ಜೂನ್ ಬಂತು, ಹೋಯಿತು, ಫೋನು ಬರಲಿಲ್ಲ. ಮಳೆ ತಡವಾದಷ್ಟೂ ಮೋಡದ ಮಾತು ಹೆಚ್ಚುವಂತೆ, ಫೋನು ತಡವಾದಷ್ಟೂ ವದಂತಿ ಬೆಳೆಯಿತು. ಬರಲಿರುವುದು ಐಫೋನ್ ೫ ಎಂದು ಜನರೇ ನಾಮಕರಣ ಮಾಡಿದರು. ಪರದೆ ದೊಡ್ಡದಂತೆ, ಮೈ ತೆಳುವಂತೆ, ಒಂದು ತುದಿಯಲ್ಲಿ ದಪ್ಪವಾಗಿದ್ದು ಇನ್ನೊಂದು ತುದಿಗೆ ಸಪುರವಾಗುತ್ತ ಹೋಗುವುದಂತೆ! ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಎಂದು ನಮ್ಮಲ್ಲಿ ಗಾದೆಯಿದೆ. ಇಲ್ಲಿ ಅದು ಅಕ್ಷರಶಃ ನಡೆಯಿತು. ತಾವು ಕಂಡಿರದ ಆ ಫೋನಿನ ಅಳತೆಗೆ ಹೊರಕವಚಗಳನ್ನು ಮಾಡಿಟ್ಟುಕೊಂಡ ವ್ಯಾಪಾರಿಗಳೂ ಇದ್ದರು.

ಅಕ್ಟೋಬರ್ ೪ರಂದು ಕ್ಯಾಲಿಫೋರ್ನಿಯದ ಕ್ಯುಪರ್ಟಿನೊದಲ್ಲಿ ಸಭೆ ಸೇರಿತು. ಕಂಪೆನಿಯ ಮುಖ್ಯಾಧಿಕಾರವನ್ನು ಆರು ವಾರಗಳ ಹಿಂದೆಯಷ್ಟೇ ವಹಿಸಿಕೊಂಡಿದ್ದ ಟಿಮ್ ಕುಕ್ ಅವರ ಮೊದಲ ಸಭೆ ಅದು. ಹೊರಗೆ ಬಂದದ್ದು ಐಫೋನ್ ೫ ಅಲ್ಲ, ಐಫೋನ್ ೪-ಎಸ್. ಹಿಂದಿನ ವರ್ಷದ ಐಫೋನ್ ೪ರ ಪಕ್ಕದಲ್ಲಿಟ್ಟರೆ ಯಾವುದು ಯಾವುದೆಂದು ಹೇಳುವುದು ಕಷ್ಟ. ಅದೇ ಗಾಜಿನ ಬೆನ್ನು, ಅದೇ ಮೂರೂವರೆ ಅಂಗುಲದ ಪರದೆ. ಒಳಗೆ ಮಾತ್ರ ವ್ಯತ್ಯಾಸವಿತ್ತು. ಎಣಿಕೆಯ ಯಂತ್ರ ಹೊಸದು. ಕ್ಯಾಮರಾ ಐದು ಮೆಗಾಪಿಕ್ಸೆಲಿನಿಂದ ಎಂಟಕ್ಕೆ ಏರಿತ್ತು. ಬಾಯಿಂದ ಪ್ರಶ್ನೆ ಕೇಳಿದರೆ ಅದನ್ನು ದೂರದ ಕಂಪ್ಯೂಟರುಗಳಿಗೆ ಕಳುಹಿಸಿ ಉತ್ತರ ತರಿಸಿ ಹೇಳುವ 'ಸಿರಿ' ಎಂಬ ಹೊಸ ಸೌಕರ್ಯವಿತ್ತು. ಇಷ್ಟಿದ್ದರೂ ಅಂದು ಸಂಜೆಯೊಳಗೆ ಎಲ್ಲೆಲ್ಲಿಯೂ ಕೇಳಿಬಂದ ಪದ ಒಂದೇ: ನಿರಾಶೆ. ಮರುದಿನವೇ ಸ್ಟೀವ್ ಜಾಬ್ಸ್ ತೀರಿಕೊಂಡರು. ಆ ದುಃಖವೂ ವಾದದೊಳಗೆ ಬೆರೆತು, ಫೋನಿನ ಹೆಸರಿನಲ್ಲಿರುವ 'ಎಸ್' ಅಕ್ಷರಕ್ಕೆ ಸ್ಟೀವ್ ಎಂದೇ ಅರ್ಥಮಾಡಿದವರೂ ಉಂಟು.

ಈಗ ಒಂದು ಸಣ್ಣ ಸಂಗತಿಯನ್ನು ಗಮನಿಸಬೇಕು. ಫೋನು ಅಂಗಡಿಗೆ ಬಂದದ್ದು ಅಕ್ಟೋಬರ್ ೧೪ರಂದು, ಅದೂ ಏಳೇ ದೇಶಗಳಲ್ಲಿ. ಹಾಗಾದರೆ ಆ ಹತ್ತು ದಿನ 'ನಿರಾಶೆ, ನಿರಾಶೆ' ಎಂದು ಕೂಗಿದವರಲ್ಲಿ ಎಷ್ಟು ಮಂದಿಯ ಕೈಯಲ್ಲಿ ಆ ಫೋನಿತ್ತು? ಅವರು ಅದನ್ನು ಹೋಲಿಸಿದ್ದು ಇನ್ನೊಂದು ಫೋನಿನೊಡನೆ ಅಲ್ಲ, ತಮ್ಮ ಮನಸ್ಸಿನಲ್ಲಿದ್ದ ಐಫೋನ್ ೫ರೊಡನೆ. ಅಂಥ ಫೋನಿನ ಪರದೆ ಒಡೆಯುವುದಿಲ್ಲ, ಬ್ಯಾಟರಿ ಇಳಿಯುವುದಿಲ್ಲ, ಬೆಲೆಯಂತೂ ಇಲ್ಲವೇ ಇಲ್ಲ. ಅದರೊಡನೆ ಸ್ಪರ್ಧೆಗೆ ನಿಂತು ಗೆಲ್ಲುವ ವಸ್ತುವನ್ನು ಯಾವ ಕಾರ್ಖಾನೆಯೂ ಮಾಡಲಾರದು.

ಹೊಗಳಿದವರ ಪಕ್ಷವನ್ನು ನೋಡೋಣ. ಅಮೆರಿಕದಲ್ಲಿ ಆಗ ಫೋನನ್ನು ಎರಡು ವರ್ಷದ ಕರಾರಿನ ಮೇಲೆ ಕೊಳ್ಳುವ ಪದ್ಧತಿಯಿತ್ತು. ೨೦೦೯ರಲ್ಲಿ ೩-ಜಿಎಸ್ ಎಂಬ ಫೋನು ಕೊಂಡವರ ಕರಾರು ೨೦೧೧ಕ್ಕೆ ತೀರಿತ್ತು. ಮೂರು ಮೆಗಾಪಿಕ್ಸೆಲಿನ ಕ್ಯಾಮರಾ, ಒರಟು ಪರದೆ ಇವುಗಳಿಂದ ಬಂದವರಿಗೆ ೪-ಎಸ್ ಹಬ್ಬದೂಟವಾಗಿ ಕಂಡಿತು. ಹಿಂದಿನ ವರ್ಷವಷ್ಟೇ ಐಫೋನ್ ೪ನ್ನು ಕೊಂಡವರಿಗೆ ಅದೇ ನಿನ್ನೆಯ ಸಾರು. ಇಬ್ಬರ ಮಾತೂ ನಿಜ. ಅರ್ಥಶಾಸ್ತ್ರದ ತರಗತಿಯಲ್ಲಿ ನಾವು ಕಂಠಪಾಠ ಮಾಡುವ ಇಳಿಮುಖ ಸೀಮಾಂತ ತುಷ್ಟಿಗುಣದ ನಿಯಮಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕುವುದು ಕಷ್ಟ. (ಪಠ್ಯಪುಸ್ತಕದಲ್ಲಿ ಇಂದಿಗೂ ಕಿತ್ತಳೆಹಣ್ಣನ್ನೇ ತಿನ್ನಿಸುತ್ತಿದ್ದಾರೆ.) ಆದರೆ ಇಬ್ಬರೂ ತಮ್ಮ ತಮ್ಮ ಹಳೆಯ ಫೋನಿನ ಮಾತನ್ನು ಬಚ್ಚಿಟ್ಟುಕೊಂಡು, ಹೊಸ ಫೋನಿನ ಗುಣವನ್ನೇ ಹೇಳುತ್ತಿರುವಂತೆ ವಾದಿಸಿದ್ದರಿಂದ ವಾದ ಮುಗಿಯಲಿಲ್ಲ.

ಮೊದಲ ಮೂರು ದಿನಗಳಲ್ಲಿ ನಲವತ್ತು ಲಕ್ಷ ಫೋನುಗಳು ಮಾರಾಟವಾದುವು. ಹೊಗಳುವವರು ಒಡನೆಯೇ ಈ ಸಂಖ್ಯೆಯನ್ನು ಧ್ವಜದಂತೆ ಎತ್ತಿ ಹಿಡಿದರು. ಕೊಂಡವರ ಸಂಖ್ಯೆಯಿಂದ ಕೊಳ್ಳುವ ಆಸೆ ಎಷ್ಟಿತ್ತೆಂಬುದು ತಿಳಿಯುತ್ತದೆಯೇ ಹೊರತು ಕೊಂಡ ಮೇಲೆ ತೃಪ್ತಿ ಎಷ್ಟಾಯಿತೆಂಬುದು ತಿಳಿಯುವುದಿಲ್ಲ. ಜಾತ್ರೆಯಲ್ಲಿ ಬಿಸಿಯಾಗಿ ಮಾರಿದ ಬೋಂಡವೆಲ್ಲ ಹೊಟ್ಟೆಗೆ ಹಿತವೆಂದು ಹೇಳಲಾದೀತೆ?

ಈ ಗಲಭೆಯ ನಡುವೆ ಮೂರನೆಯ ಒಂದು ದನಿ ಎದ್ದಿತು. ಫೋನನ್ನು ಕೊಂಡು, ಜೇಬಿನಲ್ಲಿಟ್ಟುಕೊಂಡು ತಿರುಗಿದವರ ದನಿ ಅದು. ಬೆಳಿಗ್ಗೆ ತುಂಬಿಸಿದ ಬ್ಯಾಟರಿ ಸಂಜೆಯವರೆಗೆ ಬರುವುದಿಲ್ಲ, ಫೋನನ್ನು ಮುಟ್ಟದೆ ಇಟ್ಟರೂ ಇಳಿದುಹೋಗುತ್ತದೆ ಎಂಬುದು ಅವರ ದೂರು. ಇವರಿಗೆ ಸಿಕ್ಕಿದ ಉತ್ತರವೇನು? ನೀವು ಸದಾ ಗೊಣಗುವವರು, ನಿಮಗೆ ಐಫೋನ್ ೫ ಸಿಗಲಿಲ್ಲವೆಂಬ ಹೊಟ್ಟೆಯುರಿ, ನನ್ನ ಫೋನು ಸರಿಯಾಗಿಯೇ ಇದೆ. ನವೆಂಬರ್ ತಿಂಗಳ ಮೊದಲಲ್ಲಿ ಕಂಪೆನಿಯವರೇ ತಮ್ಮ ತಂತ್ರಾಂಶದಲ್ಲಿ ಬ್ಯಾಟರಿಯನ್ನು ಹೀರುವ ದೋಷಗಳಿರುವುದನ್ನು ಒಪ್ಪಿಕೊಂಡರು. ಅದೇ ತಿಂಗಳ ೧೦ರಂದು ತಿದ್ದುಪಡಿಯನ್ನು ಹೊರಡಿಸಿದರು. ಅಲ್ಲಿಯವರೆಗೆ ನಿಜ ಹೇಳಿದವನೂ ಕನಸು ಮುರಿದವನೂ ಒಂದೇ ಹಗ್ಗಕ್ಕೆ ಬಿಗಿಸಿಕೊಂಡಿದ್ದರು. ನನ್ನ ತಕರಾರಿರುವುದು ಇಲ್ಲಿಯೇ.

ಹಿಂದಿನ ವರ್ಷದ ಐಫೋನ್ ೪ರಲ್ಲಿಯೂ ಹೀಗೆಯೇ ಆಗಿತ್ತು. ಅದರ ಅಂಚಿನ ಉಕ್ಕಿನ ಪಟ್ಟಿಯೇ ಆಂಟೆನಾ. ಎಡಗೈಯಲ್ಲಿ ಹಿಡಿದಾಗ ಕೆಳಮೂಲೆಯಲ್ಲಿದ್ದ ಸಂದನ್ನು ಅಂಗೈ ಮುಚ್ಚಿದರೆ ಸಂಕೇತ ಕುಗ್ಗುತ್ತಿತ್ತು. ಹಿಡಿಯುವ ರೀತಿಯನ್ನೇ ಬದಲಿಸಿಕೊಳ್ಳಿ ಎಂಬ ಉಪದೇಶ ಮೊದಲು ಬಂತು. ಫೋನನ್ನು ಹಿಡಿಯಲು ಬಾರದವನೆಂಬ ಅಪಖ್ಯಾತಿ ಕೊಂಡವನ ಪಾಲಿಗೆ! ಆದರೂ ಜನ ಬಿಡಲಿಲ್ಲ. ೨೦೧೦ರ ಜುಲೈ ೧೬ರಂದು ಪತ್ರಕರ್ತರ ಸಭೆ ಕರೆದು, ಕೊಂಡವರಿಗೆಲ್ಲ ಒಂದು ರಬ್ಬರಿನ ಅಂಚುಪಟ್ಟಿಯನ್ನು ಉಚಿತವಾಗಿ ಕೊಡುವುದಾಗಿ ಕಂಪೆನಿ ಸಾರಬೇಕಾಯಿತು. ೪-ಎಸ್ ಬಂದಾಗ ಅದರೊಳಗೆ ಎರಡು ಆಂಟೆನಾಗಳ ನಡುವೆ ತಾನೇ ಬದಲಾಯಿಸಿಕೊಳ್ಳುವ ಏರ್ಪಾಡಿತ್ತು. ಹೊರಗಿನ ಆಕಾರ ಹಳೆಯದೆಂದು ಮುಖ ತಿರುಗಿಸಿದವರಿಗೆ ಇದು ಕಾಣಲಿಲ್ಲ.

ನಮ್ಮ ದೇಶಕ್ಕೆ ೪-ಎಸ್ ಬಂದದ್ದು ಆ ವರ್ಷದ ನವೆಂಬರ್ ೨೫ರಂದು. ಅಮೆರಿಕದಲ್ಲಿ ಕರಾರಿನ ಮೇಲೆ ೧೯೯ ಡಾಲರು, ಅಂದರೆ ಅಂದಿನ ಲೆಕ್ಕದಲ್ಲಿ ಸುಮಾರು ಹತ್ತು ಸಾವಿರ ರೂಪಾಯಿ, ಎಂದು ಓದಿ ಕಾದಿದ್ದವರಿಗೆ ಇಲ್ಲಿಯ ಬೆಲೆ ೪೪,೫೦೦ ರೂಪಾಯಿ ಎಂದು ತಿಳಿಯಿತು. ಅಮೆರಿಕದವರೂ ಮಿಕ್ಕ ಹಣವನ್ನು ಎರಡು ವರ್ಷದ ಮಾಸಿಕ ಶುಲ್ಕದಲ್ಲಿ ಕಟ್ಟುತ್ತಿದ್ದರೆಂಬುದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಬೆಲೆಯ ಮಾತು ಹೋಗಲಿ. ನಿರಾಶೆಗೆ ಉತ್ತರವಾಗಿ ಎಲ್ಲರೂ ತೋರಿಸುತ್ತಿದ್ದ ಆ 'ಸಿರಿ'ಗೆ ನಮ್ಮ ಉಚ್ಚಾರಣೆಯ ಪರಿಚಯವೇ ಇರಲಿಲ್ಲ. ಅದಕ್ಕೆ ಅಮೆರಿಕದ, ಬ್ರಿಟನ್ನಿನ, ಆಸ್ಟ್ರೇಲಿಯದ ಇಂಗ್ಲಿಷ್ ಗೊತ್ತಿತ್ತು, ಫ್ರೆಂಚ್ ಜರ್ಮನ್ ಗೊತ್ತಿದ್ದುವು. ಭಾರತೀಯರ ಇಂಗ್ಲಿಷಿಗೆ ಅದರಲ್ಲಿ ಪ್ರತ್ಯೇಕ ಸ್ಥಾನ ದೊರೆತದ್ದು ೨೦೧೫ರಲ್ಲಿ. ಅಮೆರಿಕದವನಿಗೆ ಇದು ಹೊಸ ಫೋನಿನ ಮುಕುಟಮಣಿ. ಅದೇ ಹಣಕ್ಕೆ ಅದನ್ನು ಕೊಂಡ ಬೆಂಗಳೂರಿನವನು ಅಮೆರಿಕದವನಂತೆ ಮೂಗಿನಲ್ಲಿ ಮಾತನಾಡುವ ಅಭ್ಯಾಸ ಮಾಡಬೇಕಾಗಿತ್ತು. ಇಂಥವನು 'ನನಗೆ ನಿರಾಶೆಯಾಯಿತು' ಎಂದರೆ ಅದನ್ನು ಅತೃಪ್ತಿಯ ಸ್ವಭಾವವೆಂದು ಕರೆಯಲು ನನಗೆ ಮನಸ್ಸು ಬಾರದು.

ಎಲ್ಲರೂ ಹಂಬಲಿಸಿದ ಐಫೋನ್ ೫ ಮರುವರ್ಷ ಸೆಪ್ಟೆಂಬರಿನಲ್ಲಿ ಬಂದೇ ಬಂತು. ಪರದೆ ನಾಲ್ಕು ಅಂಗುಲವಾಯಿತು, ಮೈ ತೆಳುವಾಯಿತು. ಅದರೊಡನೆ ೨೦೦೩ರಿಂದ ಆ ಕಂಪೆನಿಯ ಸಾಧನಗಳಲ್ಲಿ ನಡೆದುಬಂದಿದ್ದ ಅಗಲವಾದ ಜೋಡಣೆಯ ಕಿಂಡಿಯೂ ಮಾಯವಾಗಿ, ಮನೆಯಲ್ಲಿದ್ದ ತಂತಿಗಳು ಕೆಲಸಕ್ಕೆ ಬಾರದಾದುವು. ಅದರ ಹೊಸ ಭೂಪಟ ದಾರಿ ತಪ್ಪಿಸುತ್ತಿದ್ದುದಕ್ಕೆ ಆ ತಿಂಗಳ ೨೮ರಂದು ಟಿಮ್ ಕುಕ್ ಅವರೇ ಕ್ಷಮೆ ಕೇಳಿದರು.

೨೦೧೬ರ ಐಫೋನ್ ೭ರಲ್ಲಿ ಕಿವಿಯ ತಂತಿಯನ್ನು ಸಿಕ್ಕಿಸುವ ಕಿಂಡಿಯನ್ನೇ ತೆಗೆದುಹಾಕಿದ್ದು ಇನ್ನೊಂದು ಬಗೆ. ಬಯಸಿದ್ದು ಸಿಕ್ಕದೆ ಹೋಗುವುದು ಒಂದು. ಕೈಯಲ್ಲಿದ್ದುದನ್ನು ಕಿತ್ತುಕೊಳ್ಳುವುದು ಇನ್ನೊಂದು. ಎರಡಕ್ಕೂ ನಿರಾಶೆಯೆಂಬ ಒಂದೇ ಪದವನ್ನು ಬಳಸುವುದು ನಮ್ಮ ಭಾಷೆಯ ಬಡತನವಲ್ಲ, ನಮ್ಮ ಸೋಮಾರಿತನ. ಕಿತ್ತುಕೊಂಡದ್ದನ್ನು ಧೈರ್ಯವೆಂದು ವೇದಿಕೆಯ ಮೇಲೆ ವರ್ಣಿಸಿದರು. ಆಗ ಅವರನ್ನು ಅಣಕಿಸಿದ ಸ್ಯಾಮ್‌ಸಂಗ್ ಕಂಪೆನಿಯವರು ೨೦೧೯ರಲ್ಲಿ ತಮ್ಮ ನೋಟ್ ೧೦ರಿಂದ ಅದೇ ಕಿಂಡಿಯನ್ನು ತೆಗೆದರು. ಕೊಂಡವರು ಸುಮ್ಮನಾದರೆ ಮಾರುವವರು ಒಬ್ಬರನ್ನೊಬ್ಬರು ನೋಡಿ ಕಲಿಯುತ್ತಾರೆ.

ಕೊಂಡವನೇ ಏಕೆ ಕಂಪೆನಿಯ ವಕೀಲನಾಗಿ ನಿಲ್ಲುತ್ತಾನೆ ಎಂಬುದು ಯೋಚಿಸತಕ್ಕ ಪ್ರಶ್ನೆ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ತೆತ್ತವರಿಗೂ ಹಾಗೆಯೇ ಇರಬೇಕು. ನಲವತ್ತು ಸಾವಿರ ಸುರಿದವನಿಗೆ ಫೋನಿನಲ್ಲಿ ಕುಂದಿದೆಯೆಂದರೆ ತನ್ನ ಬುದ್ಧಿಯಲ್ಲಿ ಕುಂದಿದೆಯೆಂದಂತೆ ಕೇಳಿಸುತ್ತದೆ. ನಮ್ಮಲ್ಲಿ ಇದು ಇನ್ನೂ ಆಳವಾಗಿದೆ. ನಮ್ಮ ಸಹಪಾಠಿಗಳಲ್ಲಿ ಹಲವರ ಫೋನು, ಮನೆಯವರು ರೇಷ್ಮೆಗೂಡು ಮಾರಿದ ಹಣದಿಂದಲೋ ಸಂಘದ ಸಾಲದಿಂದಲೋ ಬಂದದ್ದು. ಹದಿನೈದು ಸಾವಿರದ ಆ ಫೋನು ಪಾಠದ ನಡುವೆ ಕಾದ ಕಾವಲಿಯಂತಾಗುತ್ತದೆ, ಮಧ್ಯಾಹ್ನಕ್ಕೆ ಕಣ್ಣು ಮುಚ್ಚುತ್ತದೆ ಎಂದು ಮನೆಯಲ್ಲಿ ಹೇಳಲು ಹುಡುಗಿಗೆ ನಾಲಗೆ ಬಾರದು. ಗೆಳತಿಯರಿಗೆ ಹೇಳಿದರೆ "ಅಷ್ಟು ದುಡ್ಡಿಗೆ ಇನ್ನೇನು ಸಿಗುತ್ತದೆ ಬಿಡೆ" ಎಂಬ ಉತ್ತರ. ಅಂಗಡಿಯವನ ಉತ್ತರವೂ ಅದೇ. ದುಬಾರಿ ಫೋನಿನ ಒಡೆಯನಿಗೆ ಹೊಟ್ಟೆಯುರಿಯ ಆರೋಪ, ಅಗ್ಗದ ಫೋನಿನ ಒಡತಿಗೆ ಅತಿಯಾಸೆಯ ಆರೋಪ. ದೋಷವಂತೂ ಇಬ್ಬರ ಜೇಬಿನಲ್ಲಿಯೂ ಹಾಗೆಯೇ ಉಳಿಯಿತು.

ಈ ವಿಷಯದಲ್ಲಿ ನಮ್ಮ ಕಾನೂನು ನಮ್ಮ ಕ್ಯಾಂಟೀನಿಗಿಂತ ಸ್ಪಷ್ಟವಾಗಿ ಯೋಚಿಸಿದೆ. ೨೦೧೯ರ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲಿ ನಿರಾಶೆಗೆ ಎಡೆಯಿಲ್ಲ. ದೋಷಕ್ಕೆ ಮಾತ್ರ ಎಡೆಯಿದೆ. ವಸ್ತುವಿನ ಗುಣದಲ್ಲಿ, ಪ್ರಮಾಣದಲ್ಲಿ, ಇರಬೇಕಾದ ಮಟ್ಟದಲ್ಲಿ ಕೊರತೆ ಕಂಡರೆ ಅದು ದೋಷ. ಫೋನು ಹೋದ ವರ್ಷದ ಫೋನಿನಂತೆಯೇ ಕಾಣುತ್ತದೆ ಎಂದು ದೂರು ಕೊಡಲು ಬಾರದು. ಕಾಯುತ್ತದೆ, ಆರುತ್ತದೆ ಎಂದು ಕೊಡಬಹುದು. ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ಕೊಡಬಹುದು. ಐದು ಲಕ್ಷ ರೂಪಾಯಿವರೆಗೆ ಬೆಲೆ ತೆತ್ತ ವಸ್ತುವಿಗೆ ಅಲ್ಲಿ ಶುಲ್ಕವೂ ಇಲ್ಲ. ರಶೀತಿಯನ್ನು ಜೋಪಾನವಾಗಿಡುವ ಅಭ್ಯಾಸ ಬೇಕು, ಅಷ್ಟೆ.

೪-ಎಸ್‌ನ ಕಥೆ ೨೦೧೧ರಲ್ಲಿ ಮುಗಿಯಲಿಲ್ಲ. ನಿರಾಶೆಯ ಫೋನೆಂದು ಹೆಸರು ಹೊತ್ತದ್ದು ನಾಲ್ಕು ವರ್ಷ ಕಾಲ ಕಂಪೆನಿಯ ಹೊಸ ಹೊಸ ತಂತ್ರಾಂಶಗಳನ್ನು ಪಡೆಯುತ್ತ ಬಂತು. ಅದರ ಹಿಂದಿನ ಯಾವ ಐಫೋನಿಗೂ ಅಷ್ಟು ದೀರ್ಘವಾದ ಪೋಷಣೆ ದೊರೆತಿರಲಿಲ್ಲ. ೨೦೧೫ರಲ್ಲಿ ಐಓಎಸ್ ೯ ಎಂಬ ತಂತ್ರಾಂಶವನ್ನು ಹಾಕಿಕೊಂಡ ಮೇಲೆ ಫೋನು ಬಸವನಹುಳುವಾಯಿತೆಂದು ಕೆಲವು ಒಡೆಯರು ನ್ಯೂಯಾರ್ಕಿನ ನ್ಯಾಯಾಲಯಕ್ಕೆ ಹೋದರು. ಅವರು ಆಕಾರದ ಮಾತೆತ್ತಲಿಲ್ಲ, ಪರದೆಯ ಅಳತೆಯ ಮಾತೆತ್ತಲಿಲ್ಲ. ನಿನ್ನೆ ನಡೆಯುತ್ತಿದ್ದುದು ಇಂದು ನಡೆಯುತ್ತಿಲ್ಲ ಎಂದಷ್ಟೇ ಹೇಳಿದರು. ಕಂಪೆನಿ ತನ್ನ ತಪ್ಪನ್ನು ಒಪ್ಪಲಿಲ್ಲ. ಆದರೂ ೨೦೨೨ರಲ್ಲಿ, ನ್ಯೂಯಾರ್ಕ್ ಮತ್ತು ನ್ಯೂಜೆರ್ಸಿ ರಾಜ್ಯಗಳಲ್ಲಿ ಆ ತೊಂದರೆಗೆ ಸಿಕ್ಕಿದ್ದೆವೆಂದು ಪ್ರಮಾಣಮಾಡಿ ಹೇಳಿದವರಿಗೆ ಫೋನೊಂದಕ್ಕೆ ಹದಿನೈದು ಡಾಲರಿನಂತೆ ಕೊಡಲು ರಾಜಿಯಾಯಿತು.