ಮಿಲ್ಟ್ರಿ ಲಾರಿ ರಿಪೇರಿ ಆಗುತ್ತೆ, ಪೇಪರ್ ಆಗಲ್ಲ: ತೋಟದ ಶಕ್ತಿಮಾನ್‌ಗಳ ಗತಿ ಏನು?

ಚಿಕ್ಕಮಗಳೂರು: ಹಳೇ ಗಾಡಿಗಳ ಎಫ್‌ಸಿ ಶುಲ್ಕವನ್ನು ಕೇಂದ್ರ ಸರ್ಕಾರ 2025ರ ನವೆಂಬರ್‌ನಲ್ಲಿ ಏರಿಸಿತು. 20 ವರ್ಷ ದಾಟಿದ ಭಾರಿ ಲಾರಿಗೆ 2,500 ರೂ. ಇದ್ದದ್ದು ಒಂದೇ ಏಟಿಗೆ 25,000 ರೂ. ಆಯ್ತು. ಲಾರಿ ಮಾಲೀಕರ ಗೋಳು ಸುದ್ದಿಯಾಯ್ತು. ಮಲೆನಾಡಿನ ತೋಟಗಳಲ್ಲಿ ನಾಟಾ ಎಳೆಯೋ ಮಿಲ್ಟ್ರಿ ಲಾರಿಗಳ ವಿಚಾರ ಮಾತ್ರ ಚರ್ಚೆಗೇ ಬರಲಿಲ್ಲ.

ಇವುಗಳಲ್ಲಿ ಹೆಸರುವಾಸಿ ಶಕ್ತಿಮಾನ್. ಜರ್ಮನಿಯ ಮ್ಯಾನ್ ಕಂಪನಿಯ ಲೈಸೆನ್ಸ್ ಪಡೆದು 1959ರಿಂದ ಜಬಲ್ಪುರದಲ್ಲಿ ಸೇನೆಗಾಗಿ ಮಾಡಿದ ಲಾರಿ. 1990ರ ದಶಕದಲ್ಲಿ ತಯಾರಿಕೆ ನಿಂತು, ಆ ಜಾಗಕ್ಕೆ ಅಶೋಕ್ ಲೇಲ್ಯಾಂಡ್‌ನ ಸ್ಟಾಲಿಯನ್ ಬಂತು. ಸೇನೆ ಬಿಟ್ಟ ಗಾಡಿಗಳು ಹರಾಜಾಗಿ ಊರೂರಿಗೆ ಹೋದವು. ಮುಂದಿನ ಚಕ್ರಕ್ಕೂ ಎಳೆಯೋ ಶಕ್ತಿ ಇರೋದರಿಂದ, ಮಾಮೂಲಿ ಲಾರಿ ಹೂತುಹೋಗೋ ಕೆಸರಿನ ಏರಲ್ಲೂ ಇವು ಸಿಲ್ವರ್ ಓಕ್ ದಿಮ್ಮಿ ಹೊತ್ತು ಹತ್ತುತ್ತವೆ.

ಹರಾಜಲ್ಲಿ ಜನ ಮೋಸ ಹೋಗೋದು ಕಿಲೋಮೀಟರ್ ನೋಡಿ. ಸೇನೆ ಗಾಡಿ ಓಡಿದ್ದು ಕಮ್ಮಿ ಇರಬಹುದು, ನಿಂತಿದ್ದು ಜಾಸ್ತಿ. ವರ್ಷಗಟ್ಟಲೆ ಯಾರ್ಡ್‌ನಲ್ಲಿ ನಿಂತರೆ ಆಯಿಲ್ ಸೀಲ್ ಒಣಗಿ ಗಟ್ಟಿಯಾಗುತ್ತೆ, ಡೀಸೆಲ್ ಟ್ಯಾಂಕ್‌ನಲ್ಲಿ ನೀರು ಕೂತು ತುಕ್ಕು ಹಿಡಿಯುತ್ತೆ, ಬ್ರೇಕ್ ಜಾಮ್ ಆಗುತ್ತೆ. ಆ ತುಕ್ಕು ಫಿಲ್ಟರ್ ದಾಟಿ ಹೋದರೆ ಪಂಪ್, ನಾಝಲ್ ಎರಡೂ ಹಾಳು. ಅದಕ್ಕೇ ಬುದ್ಧಿ ಇರೋ ಮೆಕ್ಯಾನಿಕ್ ಮೊದಲು ಎಂಜಿನ್ ಸ್ಟಾರ್ಟ್ ಮಾಡಲ್ಲ, ಟ್ಯಾಂಕ್ ಇಳಿಸಿ ತೊಳೀತಾನೆ. ಆಮೇಲೆ ಡೀಸೆಲ್ ಲೈನಿನ ಗಾಳಿ ತೆಗೆಯೋದು, ಬ್ರೇಕ್ ಹೋಸ್ ಎಲ್ಲಾ ಹೊಸದು ಹಾಕೋದು. ಮುಂದಿನ ಆಕ್ಸಲ್ ಹಬ್‌ನಿಂದ ಗ್ರೀಸ್ ಸೋರ್ತಿದ್ದರೆ ಅದನ್ನ ಬಿಚ್ಚಲೇಬೇಕು, ಒಳಗಿನ ಜಾಯಿಂಟ್ ಒಣಗಿ ಓಡಿದರೆ ಮತ್ತೆ ಸಿಗೋ ಸಾಮಾನಲ್ಲ ಅದು.

ಅಸಲಿ ತೊಡಕು ಇರೋದೇ ಈ ಸಾಮಾನಿನಲ್ಲಿ. ಟಾಟಾದ ಫೋರ್‌ವೀಲ್ ಮಿಲ್ಟ್ರಿ ಗಾಡಿ ಇರೋರು ಪುಣ್ಯವಂತರು. ಅದರ ಎಂಜಿನ್ ರಸ್ತೆ ಮೇಲಿನ ಟಾಟಾ ಲಾರಿಗಳ ವಂಶದ್ದೇ, ಬಿಡಿಭಾಗ ಹುಡುಕಿದರೆ ಸಿಗುತ್ತೆ. ಶಕ್ತಿಮಾನ್‌ಗೆ ಆ ಭಾಗ್ಯ ಇಲ್ಲ. ಪಿಸ್ಟನ್, ಲೈನರ್ ಬೇಕಂದ್ರೆ ಇನ್ನೊಂದು ಗುಜರಿ ಗಾಡಿ ಬಿಚ್ಚಬೇಕು, ಇಲ್ಲಾ ಲೇತ್‌ನಲ್ಲಿ ಮಾಡಿಸಬೇಕು. ಕಡೆಗೆ ಬೇರೆ ಲಾರಿಯ ಎಂಜಿನ್ ಕೂರಿಸೋದು ಸುಲಭದ ದಾರಿ.

ಗಾಡಿ ಉಳಿಸೋ ಈ ದಾರಿಯೇ ಕಾನೂನಿನ ಕಣ್ಣಲ್ಲಿ ಅದನ್ನ ಸಾಯಿಸುತ್ತೆ. ಎಂಜಿನ್ ಬದಲಿಸಲು ಆರ್‌ಟಿಒ ಅನುಮತಿ ಬೇಕು, ಆರ್‌ಸಿಯಲ್ಲೂ ನಂಬರ್ ಬದಲಾಗಬೇಕು. ಆಗದಿದ್ದರೆ ಎಫ್‌ಸಿ ಕಷ್ಟ. ಸಿಕ್ಕರೂ 25,000 ರೂ. ಸೀಸನ್‌ನಲ್ಲಿ ನಾಲ್ಕು ತಿಂಗಳು ದುಡಿಯೋ ಗಾಡಿಗೆ ಇಷ್ಟು ಯಾರು ಕಟ್ತಾರೆ? ತೋಟದೊಳಗೆ ಓಡಿಸಿದರೆ ಕೇಳೋರ್ಯಾರು ಅನ್ನೋ ಲೆಕ್ಕ.

ಆದರೆ ತೋಟದ ಗೇಟ್ ದಾಟಿ ರಸ್ತೆಗೆ ಬಂದ ಕೂಡಲೇ ಇನ್ಶೂರೆನ್ಸ್ ಕಡ್ಡಾಯ. ದಿಮ್ಮಿ ಮೇಲೆ ಕೂತು ಬರೋ ಆಳುಗಳ ಸ್ಥಿತಿ ಇನ್ನೂ ಕಷ್ಟ. ಸರಕು ಗಾಡಿಯಲ್ಲಿ ಸುಮ್ಮನೆ ಹತ್ತಿ ಬಂದವರಿಗೆ ಇನ್ಶೂರೆನ್ಸ್ ಇದ್ದರೂ ಪರಿಹಾರ ಸಿಗೋದು ಕಷ್ಟ, ಇಲ್ಲದಿದ್ದರೆ ಎಲ್ಲಾ ಮಾಲೀಕನ ತಲೆಗೆ. ಮಾಲೀಕನ ಕೈಲಿ ಆಗದಿದ್ದರೆ ಆ ಕುಟುಂಬಕ್ಕೆ ಏನೂ ಇಲ್ಲ.

ಇಲ್ಲಿ ಸರ್ಕಾರ ನೋಡ್ತಿರೋದು ಗಾಡಿಯ ವಯಸ್ಸು. ನೋಡಬೇಕಾದ್ದು ಬ್ರೇಕ್, ಸ್ಟೀರಿಂಗ್. ತೋಟದ ಗಾಡಿಗಳಿಗೆ ಕಡಿಮೆ ಶುಲ್ಕದಲ್ಲಿ ವರ್ಷಕ್ಕೊಮ್ಮೆ ಬ್ರೇಕ್ ಪರೀಕ್ಷೆ, ಇಂತಿಷ್ಟೇ ದೂರ ಅನ್ನೋ ಪರವಾನಗಿ, ಆಳು ಹತ್ತಿಸಿದರೆ ದಂಡ: ಇಷ್ಟು ಮಾಡಿದರೆ ಕದ್ದು ಓಡೋ ಗಾಡಿಗಳು ಲೆಕ್ಕಕ್ಕೆ ಬರ್ತವೆ. ಶುಲ್ಕ ಹತ್ತು ಪಟ್ಟು ಮಾಡಿದ್ದರಿಂದ ಅವು ಗುಜರಿಗೆ ಹೋಗಲ್ಲ, ತೋಟದ ಇನ್ನೂ ಒಳಗೆ ಹೋಗ್ತವೆ.

ಕೊಳ್ಳೋ ಯೋಚನೆ ಇರೋರು ಸೇನೆಯ ನಂಬರ್ ನೋಡಲಿ. ಬಾಣದ ಗುರುತಿನ ಪಕ್ಕದ ಎರಡು ಅಂಕಿ ಗಾಡಿ ಸೇನೆಗೆ ಬಂದ ವರ್ಷ. ಹರಾಜಿನ ಕಾಗದ ಇಲ್ಲದೆ, ಆರ್‌ಸಿ ಮಾಡಿಸಿಕೊಡ್ತೀವಿ ಅಂತ ಬಾಯಿಮಾತಲ್ಲಿ ಹೇಳೋ ಬ್ರೋಕರ್‌ಗೆ ಅಡ್ವಾನ್ಸ್ ಕೊಡದಿರೋದೇ ಒಳ್ಳೇದು.